ಎಕ್ಸ್‌ಪಲ್ಸ್‌ಗೆ ಯಾವ ಟೈರ್? ಮಡಿಕೇರಿ ಟಾರ್ ರಸ್ತೆಗೂ ಆಗಬೇಕು, ತೋಟದ ಕೆಸರಿಗೂ ಆಗಬೇಕು

ಮಾದಾಪುರ_ಸವಾರ:
ಹೀರೋ ಎಕ್ಸ್‌ಪಲ್ಸ್ 200 4ವಿ ಬೈಕ್ ಇದೆ. ಹಿಂದಿನ ಟೈರ್ ನಡುವೆ ಚಪ್ಪಟೆಯಾಗಿದೆ, ಜೂನ್ ಮಳೆ ಹಿಡಿಯುವುದರೊಳಗೆ ಎರಡೂ ಬದಲಾಯಿಸಬೇಕು. ದಿನಾ ಮಾದಾಪುರದಿಂದ ಮಡಿಕೇರಿಗೆ ಕೆಲಸಕ್ಕೆ ಹೋಗಿ ಬರುತ್ತೇನೆ, ಪೂರ್ತಿ ಟಾರ್, ತಿರುವು ಜಾಸ್ತಿ. ಆಮೇಲೆ ಮನೆವರೆಗೆ ತೋಟದ ಏರು ದಾರಿ, ಕೆಂಪು ಮಣ್ಣು. ಭಾನುವಾರ ಬಿಡುವಾದರೆ ಕೋಟೆಬೆಟ್ಟದ ಕಡೆ. ಸ್ನೇಹಿತರೆಲ್ಲ ದೊಡ್ಡ ಬಟನ್ ಟೈರ್ (ರಬ್ಬರ್ ಗುಬ್ಬಿಗಳು ಎದ್ದು ನಿಂತಿರುವಂಥದ್ದು) ಹಾಕು ಅಂತಿದ್ದಾರೆ. ಒದ್ದೆ ಟಾರ್ ಮೇಲೆ ಅದು ಜಾರಲ್ವಾ?

ಕಾಫಿಕಣ:
ಜಾರುತ್ತದೆ ಅಣ್ಣ. ಬಟನ್ ದೊಡ್ಡದಾಗಿ, ನಡುವೆ ಸಂದು ಅಗಲವಾದಷ್ಟೂ ಟಾರ್‌ಗೆ ತಾಗುವ ರಬ್ಬರ್ ಕಡಿಮೆ. ತಿರುವಿನಲ್ಲಿ ಗಾಡಿ ವಾಲಿಸಿದಾಗ ಎತ್ತರದ ಬಟನ್‌ಗಳು ಬಾಗುತ್ತವೆ, ಗಾಡಿ ಕೆಳಗಿಂದ ನುಲಿದ ಹಾಗೆ ಅನ್ನಿಸುತ್ತದೆ. ಬ್ರೇಕ್ ಹಿಡಿದಾಗಲೂ ಅಷ್ಟೇ, ನಿಲ್ಲೋಕೆ ಜಾಸ್ತಿ ಜಾಗ ಬೇಕು. ದಿನಾ ಟಾರ್ ಮೇಲೆ ಓಡಿಸಿದರೆ ಬೇಗ ಸವೆಯುತ್ತದೆ ಕೂಡ.

ಆದರೆ ಸ್ನೇಹಿತರು ಹೇಳಿದ್ದರಲ್ಲೂ ಅರ್ಥ ಇದೆ. ನಮ್ಮ ಮಣ್ಣು ಜಲ್ಲಿಯ ಥರವೂ ಅಲ್ಲ, ಮರಳಿನ ಥರವೂ ಅಲ್ಲ, ಅಂಟಿಕೊಳ್ಳುತ್ತದೆ. ಮಳೆಯಲ್ಲಿ ತೋಟದ ದಾರಿ ಅರ್ಧ ಹತ್ತಿ ಗಾಡಿ ನಿಲ್ಲಿಸಿ ಟೈರ್ ನೋಡಿ, ಸಣ್ಣ ಗೀರಿನ ಟೈರ್ ಆದರೆ ಸಂದಿಗಳೆಲ್ಲ ಮಣ್ಣು ತುಂಬಿ ಒಂದೇ ಸಮ ಆಗಿರುತ್ತದೆ, ಬೆರಳಲ್ಲಿ ಕೆರೆದರೂ ಬರಲ್ಲ. ಅಷ್ಟಾದ ಮೇಲೆ ಮಣ್ಣಿನ ಮೇಲೆ ಮಣ್ಣೇ ಉರುಳುವುದು, ಹಿಡಿತ ಎಲ್ಲಿಂದ ಬರಬೇಕು? ಸಂದು ಅಗಲ ಇದ್ದರೆ ಚಕ್ರ ತಿರುಗುವಾಗ ಕೆಸರು ತಾನೇ ಎಸೆದು ಹೋಗುತ್ತದೆ. ಅದಕ್ಕೇ ನಡುವಿನದ್ದು ನೋಡಿ, 50/50 ಅಂತ ಮಾರುವಂಥದ್ದು, ಅಂದರೆ ಅರ್ಧ ಟಾರ್‌ಗೆ, ಅರ್ಧ ಮಣ್ಣಿಗೆ. ಮಿಟಾಸ್ ಇ-07 ಆ ಜಾತಿ. ಕಾಂಟಿನೆಂಟಲ್ ಟಿಕೆಸಿ 80 ಥರದ ದೊಡ್ಡ ಬಟನ್‌ನದ್ದು ನಿಮ್ಮ ಓಡಾಟಕ್ಕೆ ಜಾಸ್ತಿಯಾಯಿತು. ಈ 50/50 ಲೆಕ್ಕ ಆಯಾ ಕಂಪನಿಯವರೇ ಹಾಕಿಕೊಳ್ಳುವುದು, ಎಲ್ಲರಿಗೂ ಒಂದೇ ಅಳತೆ ಇಲ್ಲ, ಟೈರನ್ನು ಕಣ್ಣಲ್ಲಿ ನೋಡಿಯೇ ತಗೊಳ್ಳಿ.

ಸಂಪಾಜೆ_ಘಾಟಿ:
ಮೇಲಿನವರ ಮಾತು ಹಿಂದಿನ ಚಕ್ರಕ್ಕೆ ಸರಿ. ಮುಂದಿನದಕ್ಕೆ ನಾನು ಒಪ್ಪಲ್ಲ. ಎರಡೂ ಒಂದೇ ಜಾತಿಯದ್ದು ಇರಬೇಕು ಅಂತ ಏನಿಲ್ಲ. ಕೆಸರಲ್ಲಿ ಹಿಂದಿನ ಚಕ್ರ ಜಾರಿದರೆ ಕಾಲು ಊರಿ ಸಂಭಾಳಿಸಬಹುದು, ಮುಂದಿನದು ಜಾರಿದರೆ ಯೋಚನೆ ಮಾಡುವಷ್ಟರಲ್ಲಿ ಗಾಡಿ ನೆಲದ ಮೇಲೆ. ಹಾಗಾಗಿ ಮುಂದೆ ಸ್ವಲ್ಪ ಜಾಸ್ತಿ ಬಟನ್ ಇರುವುದು, ಹಿಂದೆ ನಡುವಿನ ಸಾಲು ಒತ್ತಾಗಿರುವ 50/50 ಹಾಕಿ. ಎಂಜಿನ್ ಎಳೆಯುವುದು ಹಿಂದಿನ ಚಕ್ರದಿಂದ ತಾನೇ, ಹೆಚ್ಚು ಸವೆಯುವುದೂ ಅದೇ.

ಇನ್ನೊಂದು ಮಾತು. ಆಗಸ್ಟ್‌ನಲ್ಲಿ ಮರದ ನೆರಳಿರುವ ತಿರುವುಗಳಲ್ಲಿ ಟಾರ್ ಅಂಚಿಗೆ ಹಸಿರು ಪಾಚಿ ಕಟ್ಟುತ್ತದಲ್ಲ, ಅದರ ಮೇಲೆ ಎಷ್ಟು ದುಡ್ಡಿನ ಟೈರೂ ನಿಲ್ಲಲ್ಲ. ಸಿಲ್ವರ್ ಓಕ್ ಎಲೆ ಬಿದ್ದು ಒದ್ದೆಯಾಗಿದ್ದರೂ ಹಾಗೇ. ಅಲ್ಲಿ ನಿಧಾನ ಹೋಗಿ, ಬ್ರೇಕ್ ಮುಟ್ಟಬೇಡಿ.

ಮಾದಾಪುರ_ಸವಾರ:
ತುಂಬಾ ಥ್ಯಾಂಕ್ಸ್. ಹಿಂದಿನ ಟೈರ್ ಇನ್ನೂ ಅಗಲದ್ದು, 130 ಮಿ.ಮೀ.ದು ಹಾಕಿದರೆ ನೋಡೋಕೂ ಚೆನ್ನಾಗಿರುತ್ತೆ, ಹಾಕಬಹುದಾ? ತೋಟದ ದಾರಿಯಲ್ಲಿ ಗಾಳಿ ಎಷ್ಟು ಇಳಿಸಬೇಕು?

ಪಂಕ್ಚರ್_ಪೆಟ್ಟಿಗೆ:
130 ಬೇಡ. ಕಂಪನಿ ಅಳತೆ ಮುಂದೆ 90/90-21, ಹಿಂದೆ 120/80-18 (ಮೊದಲ ಅಂಕಿ ಅಗಲ), ಅದೇ ಇರಲಿ. ಅಗಲ ಟೈರ್ ಕೆಸರಿನ ಮೇಲೆ ತೇಲುತ್ತದೆ, ಸಣ್ಣದು ಕೆಸರು ಸೀಳಿ ಕೆಳಗಿನ ಗಟ್ಟಿ ನೆಲ ಹಿಡಿಯುತ್ತದೆ. ರಿಮ್‌ಗೆ ಅಗಲ ಹೆಚ್ಚಾದರೆ ಟೈರ್ ಆಕಾರವೂ ಕೆಡುತ್ತದೆ.

ಗಾಳಿ ವಿಷಯಕ್ಕೆ ಬಂದರೆ, ನಿಮ್ಮದು ಟ್ಯೂಬ್ ಇರುವ ಸ್ಪೋಕ್ ಚಕ್ರ. ತೀರಾ ಇಳಿಸಿ ಕಲ್ಲಿಗೆ ಹೊಡೆದರೆ ಟ್ಯೂಬ್ ರಿಮ್‌ಗೂ ಕಲ್ಲಿಗೂ ನಡುವೆ ಸಿಕ್ಕಿ ಅಕ್ಕಪಕ್ಕ ಎರಡು ತೂತು ಬೀಳುತ್ತದೆ. ಇನ್ನೂ ಇಳಿಸಿದರೆ ಟೈರ್ ರಿಮ್ ಮೇಲೆ ಜಾರಿ ವಾಲ್ವ್ ಬುಡವೇ ಕಿತ್ತುಬರುತ್ತದೆ. ಕಂಪನಿ ಹೇಳಿದ್ದಕ್ಕಿಂತ ನಾಲ್ಕೈದು ಪಿಎಸ್‌ಐ ಕಡಿಮೆ ಮಾಡಿದರೆ ಸಾಕು. ಟಾರ್‌ಗೆ ಬಂದ ಕೂಡಲೇ ವಾಪಸ್ ತುಂಬಿಸಿ, ಸೀಟ್ ಕೆಳಗೆ ಸಣ್ಣ ಪಂಪ್ ಇಟ್ಟುಕೊಳ್ಳಿ. ಮನೆ ದಾರಿ ಸ್ವಲ್ಪ ದೂರ ಅಷ್ಟೇ ಆದರೆ ದಿನಾ ಇಳಿಸಿ ಏರಿಸುವುದೇ ಬೇಡ.

ಟೈರ್ ತಗೊಳ್ಳುವಾಗ ಪಕ್ಕದಲ್ಲಿ ನಾಲ್ಕು ಅಂಕಿ ಹುಡುಕಿ. 2324 ಅಂತಿದ್ದರೆ 2024ರ 23ನೇ ವಾರದಲ್ಲಿ ಮಾಡಿದ್ದು. ಹಳೇ ಸ್ಟಾಕ್ ರಬ್ಬರ್ ಗಟ್ಟಿಯಾಗಿರುತ್ತದೆ, ಮಳೆಗೆ ಅದು ಆಗಲ್ಲ. ಟ್ಯೂಬ್ ಕೂಡ ಹೊಸದೇ ಹಾಕಿಸಿ. ಸೈಡಲ್ಲಿ ಬಾಣದ ಗುರುತಿದ್ದರೆ ಫಿಟ್ ಮಾಡುವಾಗ ಎದುರಿಗೇ ನಿಂತು ನೋಡಿ, ಉಲ್ಟಾ ಕೂರಿಸಿ ಕಳಿಸುವವರು ಇದ್ದಾರೆ. ಹೊಸ ಟೈರ್ ಮೇಲೆ ನುಣುಪು ಇರುತ್ತದೆ, ಮೊದಲ ನೂರು ಕಿಲೋಮೀಟರ್ ತಿರುವಲ್ಲಿ ಗಾಡಿ ಮಲಗಿಸಬೇಡಿ. ಮೇ ತಿಂಗಳಲ್ಲೇ ಹಾಕಿಸಿದರೆ ಆ ಓಡಾಟ ಒಣ ರಸ್ತೆಯಲ್ಲೇ ಮುಗಿಯುತ್ತದೆ.