ಕ್ಲೀಟ್‌ಗೆ ಲಾಳ ಅನ್ನಬಹುದೇ? ಜೊತೆಗೆ ‘ಕ್ಲಿಪ್‌ಲೆಸ್’ ಗೊಂದಲ

ಎಲ್ಲರಿಗೂ ನಮಸ್ಕಾರ.

ಬೀದರ್‌ನಲ್ಲಿ ನಾವು ಏಳೆಂಟು ಜನ ಭಾನುವಾರ ಬೆಳಿಗ್ಗೆ ಸೈಕಲ್ ತುಳಿಯುತ್ತೇವೆ. ಕೋಟೆ ದಾಟಿ, ಅಷ್ಟೂರಿನ ಗುಂಬಜ್‌ಗಳ ಕಡೆ ಇಳಿದು, ಅಲ್ಲಿಂದ ಹೊಲದ ದಾರಿ ಹಿಡಿಯುತ್ತೇವೆ. ಹೊಸದಾಗಿ ಸೇರಿದ ಹುಡುಗರಿಗೆ ಶೂ ಆರಿಸುವ ಬಗ್ಗೆ ಕನ್ನಡದಲ್ಲಿ ಎರಡು ಪುಟ ಬರೆದುಕೊಡೋಣ ಅಂತ ಕೂತೆ. ಮೂರನೇ ಸಾಲಿಗೇ ಪೆನ್ನು ನಿಂತಿತು. ಶೂ ಅಡಿಗೆ ಬಿಗಿಯುವ, ಪೆಡಲ್‌ಗೆ ಹೋಗಿ ಸಿಕ್ಕಿಕೊಳ್ಳುವ ಆ ಉಕ್ಕಿನ ತುಂಡಿಗೆ, ಅಂದರೆ ಕ್ಲೀಟ್‌ಗೆ, ಕನ್ನಡದಲ್ಲಿ ಏನನ್ನೋಣ?

ಅದಕ್ಕೂ ಮೊದಲು ‘ಕ್ಲಿಪ್‌ಲೆಸ್’ ಪದದ ಗೊಂದಲ ಹೇಳಿಬಿಡುತ್ತೇನೆ. ಹಿಂದೆ ರೇಸಿನ ಪೆಡಲ್‌ಗಳಿಗೆ ಮುಂದೊಂದು ಪಂಜರ, ಮೇಲೊಂದು ಪಟ್ಟಿ ಇರುತ್ತಿತ್ತು. ಅದು ಟೋ ಕ್ಲಿಪ್. ಸವಾರ ರಿಕಾಬಿನಲ್ಲಿ ಕಾಲು ತೂರಿಸುತ್ತಾನಲ್ಲ, ಹಾಗೆ. 1984ರಲ್ಲಿ ಫ್ರಾನ್ಸಿನ ಲುಕ್ ಕಂಪನಿ ಸ್ಕೀ ಬೂಟನ್ನು ಹಿಡಿದಿಡುವ ಉಪಾಯವನ್ನು ಸೈಕಲ್ ಪೆಡಲ್‌ಗೆ ತಂದಿತು. ಮರುವರ್ಷವೇ ಬರ್ನಾರ್ಡ್ ಇನೋ ಆ ಪೆಡಲ್ ತುಳಿದು ಟೂರ್ ಡಿ ಫ್ರಾನ್ಸ್ ಗೆದ್ದರು. ಪಂಜರ ಹೋಯಿತು, ಹೆಸರು ಕ್ಲಿಪ್‌ಲೆಸ್ ಆಯಿತು. ಆದರೆ ಕಾಲು ಟಕ್ ಅಂತ ಸಿಕ್ಕಿಕೊಳ್ಳುವುದು ಇದರಲ್ಲೇ! ಅದಕ್ಕೇ ಇದನ್ನು ಕ್ಲಿಪ್-ಇನ್ ಅಂತಲೂ ಕರೆಯುತ್ತಾರೆ. ಕ್ಲಿಪ್ ಇಲ್ಲದ್ದು, ಕ್ಲಿಪ್ ಆಗುವುದು, ಎರಡೂ ಒಂದೇ ಪೆಡಲ್.

ಈ ಪದವನ್ನು ನಂಬಿ ನಾನು ದುಡ್ಡು ಕಳೆದುಕೊಂಡಿದ್ದೇನೆ. ‘ಕ್ಲಿಪ್‌ಲೆಸ್ ಶೂ’ ಅಂತ ಫೋನ್‌ನಲ್ಲಿ ಕೇಳಿ ತರಿಸಿದೆ. ಬಂದದ್ದು ಅಡಿಯಲ್ಲಿ ಮೂರು ತೂತಿನ, ನುಣುಪಾದ ಅಟ್ಟೆಯ ರೋಡ್ ಶೂ. ನನ್ನ ಪೆಡಲ್ ಎರಡು ಬೋಲ್ಟಿನ ಕ್ಲೀಟ್‌ನದು. ಶೂ ವಾಪಸ್ ಹೋಗಲೇ ಇಲ್ಲ. ಹಾಗಾಗಿ ‘ಕ್ಲಿಪ್ ರಹಿತ’ ಅಂತ ಅನುವಾದ ಮಾಡುವುದನ್ನು ನಾನಂತೂ ಒಪ್ಪುವುದಿಲ್ಲ. ಹುಡುಗರಿಗೆ ‘ಎರಡು ತೂತಿನ ಶೂ’, ‘ಮೂರು ತೂತಿನ ಶೂ’ ಅಂತಲೇ ಬರೆದಿದ್ದೇನೆ. ಮೌಂಟನ್ ಬೈಕ್‌ಗೆ ಎರಡು ತೂತಿನದು. ಜಪಾನಿನ ಶಿಮಾನೊ ಕಂಪನಿ 1990ರಲ್ಲಿ ತಂದ ಎಸ್‌ಪಿಡಿ ಪೆಡಲ್ ಇದೇ ಬಗೆ. ಇದರಲ್ಲಿ ಕ್ಲೀಟ್ ಅಟ್ಟೆಯೊಳಗೆ ತಗ್ಗಿನಲ್ಲಿ ಕೂರುತ್ತದೆ. ಸುತ್ತ ರಬ್ಬರ್ ಗುಬಟುಗಳು ಎತ್ತರವಾಗಿರುತ್ತವೆ. ಇಳಿದು ನಡೆಯಬಹುದು.

ನಡೆಯುವುದು ನಮ್ಮ ಕಡೆ ದೊಡ್ಡ ಮಾತು. ಊರಿನ ಮೇಲ್ಭಾಗ ಕೆಂಪು ಜಂಬಿಟ್ಟಿಗೆ. ಅಲ್ಲಿ ಗಟ್ಟಿ ಅಟ್ಟೆಯ ಶೂ ಆದರೂ ನಡೆದೀತು. ಕೆಳಗೆ ಇಳಿದರೆ ಎರೆಮಣ್ಣು. ಒಂದು ಮಳೆ ಬಿದ್ದರೆ ಸಾಕು, ರಾಡಿ ಕ್ಲೀಟ್‌ನ ತಗ್ಗಿನಲ್ಲಿ ತುಂಬಿ ಕಲ್ಲಾಗುತ್ತದೆ. ಆಮೇಲೆ ಪೆಡಲ್ ಹಿಡಿಯುವುದೇ ಇಲ್ಲ. ಅದಕ್ಕೇ ಗುಬಟುಗಳ ನಡುವೆ ಜಾಗ ಜಾಸ್ತಿ ಇರುವ ಶೂ ತಗೊಳ್ಳಿ ಅನ್ನುತ್ತೇನೆ. ಅಟ್ಟೆ ಮುಂದೆ ಸ್ವಲ್ಪ ಬಾಗಲಿ. ಹಿಮ್ಮಡಿ ಏಳಬಾರದು, ಬೆರಳಿಗೆ ಜಾಗ ಇರಬೇಕು. ಸಂಜೆ ಹೊತ್ತು ಹಾಕಿ ನೋಡಿ, ಆಗ ಕಾಲು ಕೊಂಚ ಊದಿರುತ್ತದೆ.

ಇನ್ನು ಕ್ಲೀಟ್. ಕಳೆದ ಮಳೆಗಾಲದಲ್ಲಿ ಅಷ್ಟೂರಿನ ದಾರಿಯ ಚಹಾ ಅಂಗಡಿ ಮುಂದೆ ಶೂ ಬಿಚ್ಚಿ, ಕಡ್ಡಿಯಿಂದ ಮಣ್ಣು ಕೆದಕುತ್ತಿದ್ದೆ. ಪಕ್ಕದಲ್ಲಿದ್ದ ಅಜ್ಜ ಶೂ ಕೈಗೆ ತಗೊಂಡು ಬೋರಲು ಹಾಕಿದರು. ಎರಡು ಬೋಲ್ಟಿನ ಮೇಲೆ ಹೆಬ್ಬೆರಳು ಆಡಿಸಿ, “ಬೂಟಿಗಿ ಲಾಳ ಬಡ್ಸೀರೇನು?” ಅಂದರು. ಅವರು ಮೊದಲು ಎತ್ತುಗಳಿಗೆ ಲಾಳ ಬಡಿಯುತ್ತಿದ್ದವರಂತೆ. ಕುದುರೆಗೆ ಕಾಲಿಗೊಂದೇ ಲಾಳ, ಎತ್ತಿನ ಗೊರಸು ಸೀಳಿರುವುದರಿಂದ ಕಾಲಿಗೆ ಎರಡು ತುಂಡು, ಅಂತೆಲ್ಲ ವಿವರಿಸಿದರು. ಆ ದಿನದಿಂದ ನಮ್ಮ ಗುಂಪಿನಲ್ಲಿ ಕ್ಲೀಟ್ ಲಾಳವಾಗಿದೆ. “ಲಾಳ ಸಡಿಲ ಆಗ್ಯದ, ನಾಲ್ಕರ ಅಲೆನ್ ಕೀ ಕೊಡ್ರಿ” ಅಂದರೆ ಎಲ್ಲರಿಗೂ ತಿಳಿಯುತ್ತದೆ.

ನನಗೆ ಒಂದೇ ಅಳುಕು. ಲಾಳ ಇರುವುದು ಗೊರಸು ಸವೆಯದಂತೆ ಕಾಯಲು. ಕ್ಲೀಟ್‌ನ ಕೆಲಸ ಸಿಕ್ಕಿಕೊಳ್ಳುವುದು. ಆ ಅರ್ಥಕ್ಕೆ ಕೊಂಡಿ, ಕೊಕ್ಕೆ, ಚಿಲಕ ಹತ್ತಿರ. ಆದರೆ ಕೊಂಡಿ ಅಂದರೆ ಚೇಳಿನದೋ ಬಾಗಿಲಿನದೋ ಅನ್ನಿಸುತ್ತದೆ, ಶೂ ಅಡಿಯದು ಅಂತ ಹೊಳೆಯುವುದಿಲ್ಲ. ಲಾಳ ಅಂದ ಕೂಡಲೇ ಪಾದದ ಅಡಿ ಕಣ್ಣಿಗೆ ಬರುತ್ತದೆ. ನನ್ನ ಮತ ಲಾಳಕ್ಕೇ. ಆದರೆ ನೇಕಾರರ ಊರುಗಳಲ್ಲಿ ಮಗ್ಗದ ಲಾಳಿಯ ಜೊತೆ ಇದು ಗೊಂದಲ ಆಗುತ್ತದೆಯೇ? ಮೈಸೂರು, ಮಂಗಳೂರು ಕಡೆ ಇಂದಿನ ಹುಡುಗರಿಗೆ ಲಾಳ ಗೊತ್ತಿದೆಯೇ?

ಕ್ರಿಯಾಪದಕ್ಕೆ ಕಷ್ಟ ಆಗಲಿಲ್ಲ. ಕಾಲು ಒತ್ತಿದಾಗ ಟಕ್ ಅಂದರೆ ‘ಕಚ್ಚಿತು’, ಹಿಮ್ಮಡಿ ಹೊರಕ್ಕೆ ತಿರುವಿದಾಗ ‘ಬಿಟ್ಟಿತು’. “ಕಚ್ಚಿಸುವ ಮೊದಲು ಬಿಡಿಸುವುದನ್ನು ಕಲಿಯಿರಿ, ಗೋಡೆ ಹಿಡಿದು ಇಪ್ಪತ್ತು ಸಲ” ಅಂತ ಬರೆದಿದ್ದೇನೆ. ಓದಲು ಸಹಜವಾಗಿಯೇ ಇದೆ, ಅಲ್ವಾ?

ಕೊನೆಗೆ ಇನ್ನೊಂದು ಪದ ಬೇಕು. ಲಾಳವನ್ನು ಬಿಗಿಯಬೇಕಾದದ್ದು ಹೆಬ್ಬೆರಳಿನ ಬುಡದಲ್ಲಿ ಉಬ್ಬಿದ ಜಾಗದ ಕೆಳಗೆ, ಅಥವಾ ಅದಕ್ಕಿಂತ ತುಸು ಹಿಂದೆ. ಆ ಉಬ್ಬಿಗೆ ನಿಮ್ಮ ಮನೆಯಲ್ಲಿ ಏನನ್ನುತ್ತಾರೆ? ಅಂಗಾಲು ಅಂದರೆ ಇಡೀ ಪಾದದ ಅಡಿ ಆಯಿತು. ಮುಂಗಾಲು ಅಂದರೆ ನಮ್ಮ ಹುಡುಗರು ದನದ ಮುಂದಿನ ಕಾಲು ಅಂದುಕೊಂಡರು. ಸದ್ಯಕ್ಕೆ ಅಲ್ಲಿ ಒಂದು ಚಿತ್ರ ಬರೆದು ಬಾಣದ ಗುರುತು ಹಾಕಿದ್ದೇನೆ. ಪದ ಸಿಕ್ಕರೆ ಬಾಣದ ಪಕ್ಕ ಬರೆಯುತ್ತೇನೆ.