ಅಮ್ಮನಿಗೆ ಪೆಂಫಿಗಸ್: ರಿಟುಕ್ಸಿಮ್ಯಾಬ್ ಈಗಲೇ ಕೊಡಿಸುದಾ, ಹೊಸ ಟ್ರೀಟ್‌ಮೆಂಟಿಗೆ ಕಾಯುದಾ?

ಬ್ರಹ್ಮಾವರದ ಮಗಳು:

ಎಲ್ರಿಗೂ ನಮಸ್ಕಾರ. ಅಮ್ಮನಿಗೆ 56 ವರ್ಷ. ಚೌತಿ ಟೈಮಲ್ಲಿ ಬಾಯಿ ಒಳಗೆ ಹುಣ್ಣು ಶುರುವಾದದ್ದು, ಬಿ ಕಾಂಪ್ಲೆಕ್ಸ್ ಕೊಟ್ರು, ಜೆಲ್ ಕೊಟ್ರು, ಹಲ್ಲು ಕ್ಲೀನ್ ಮಾಡಿಸಿ ಅಂದ್ರು, ಉಷ್ಣ ಅಂತ ಎಳನೀರು ಜೀರಿಗೆ ನೀರು ಎಲ್ಲ ಆಯ್ತು, ಐದು ತಿಂಗಳು ಗಂಜಿತಿಳಿ ಬಿಟ್ರೆ ಬೇರೆಂತದ್ದೂ ಗಂಟಲಲ್ಲಿ ಇಳೀಲಿಲ್ಲ, ಅದೂ ಉಪ್ಪಿನಕಾಯಿ ಇಲ್ಲದೆ. ಕಡೆಗೆ ಬೆನ್ನಲ್ಲಿ ಎದೇಲಿ ನೀರುಗುಳ್ಳೆ ಎದ್ದು ಒಡೆದು ಹಸಿ ಹಸಿ ಆದಾಗ ಚರ್ಮದ ಡಾಕ್ಟ್ರ ಹತ್ರ ಹೋದದ್ದು. ಬಯಾಪ್ಸಿ ಮಾಡಿ ಪೆಂಫಿಗಸ್ ವಲ್ಗಾರಿಸ್ ಅಂದ್ರು. ಈಗ ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಮಾತ್ರೆ 40 ಮಿ.ಗ್ರಾಂ ನಡೀತಾ ಉಂಟು, ಹೊಸ ಗುಳ್ಳೆ ಕಡಿಮೆ, ಆದ್ರೆ ಮುಖ ಊದಿದೆ, ಇಲ್ಲದಿದ್ದ ಶುಗರ್ ಬಂದಿದೆ.

ಡಾಕ್ಟ್ರು ರಿಟುಕ್ಸಿಮ್ಯಾಬ್ ಇಂಜೆಕ್ಷನ್ ಕೊಡುವ ಅಂತಿದ್ದಾರೆ. ನೆಟ್ಟಲ್ಲಿ ನೋಡಿದ್ರೆ ಕ್ಯಾನ್ಸರ್ ಮದ್ದು ಅಂತ ಬರ್ತದೆ, ಅಮ್ಮ ಅದನ್ನು ಕೇಳಿಯೇ ಅರ್ಧ ಹೋಗಿದ್ದಾರೆ. ಬೆಂಗಳೂರಲ್ಲಿರುವ ಕಸಿನ್ ಒಬ್ಬ ಕಾರ್-ಟಿ ಸೆಲ್ ಅಂತ ಹೊಸ ಟ್ರೀಟ್‌ಮೆಂಟ್ ಬಂದಿದೆ, ಒಂದೇ ಸಲ ಕೊಟ್ರೆ ರೋಗ ಬುಡಸಮೇತ ಹೋಗ್ತದೆ, ಸ್ವಲ್ಪ ಕಾಯಿರಿ ಅಂತಾನೆ. ಸೋದರಮಾವ ಬೇರೆ ಇದು ನಾಗದೋಷ, ಮೊದಲು ಸುಬ್ರಹ್ಮಣ್ಯಕ್ಕೆ ಹೋಗಿ ಆಶ್ಲೇಷ ಬಲಿ ಮಾಡಿಸಿ, ಈ ಮಾತ್ರೆ ಎಲ್ಲ ನಿಲ್ಲಿಸಿ ಅಂತ. ಆಶ್ಲೇಷ ಬಲಿ ಬೇಡ ಅಂತ ನಾನು ಹೇಳುದಿಲ್ಲ, ಮಾತ್ರೆ ನಿಲ್ಲಿಸಿ ಅನ್ನುದೇ ತಲೆಬಿಸಿ. ಅನುಭವ ಇದ್ದವರು ಹೇಳಿ ಮಾರಾಯ್ರೆ.

ಸುರತ್ಕಲ್ ಅಂಕಲ್:

ಮಗಳೇ, ಮೊದಲು ಒಂದು ವಿಷಯ, ಸ್ಟೀರಾಯ್ಡ್ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸ್ಬೇಡಿ. ನಾನು ಜಾಣತನ ಮಾಡಿ ಒಂದ್ಸಲ ನಿಲ್ಲಿಸಿದ್ದೆ. ತಲೆ ತಿರುಗಿ ಬಿದ್ದು ಅಡ್ಮಿಟ್ ಆದದ್ದು, ಗುಳ್ಳೆ ಮೊದಲಿಗಿಂತ ಜೋರಾಗಿ ಬಂದದ್ದು. ದೇಹ ತಾನೇ ಮಾಡುವ ಸ್ಟೀರಾಯ್ಡನ್ನು ಅಷ್ಟೊತ್ತಿಗೆ ಮಾಡುದು ಬಿಟ್ಟಿರ್ತದಂತೆ, ಹಾಗಾಗಿ ಮೆಲ್ಲ ಮೆಲ್ಲ ಇಳಿಸ್ಬೇಕು.

ನನಗೆ ಈ ರೋಗ 2009ರಿಂದ. ಆವಾಗ ನನಗೆ ಕೊಟ್ಟದ್ದು ಡಿಸಿಪಿ ಅಂತ, ಡೆಲ್ಲಿ ಏಮ್ಸಲ್ಲಿ ಪಸ್ರೀಚಾ ಅನ್ನುವ ಡಾಕ್ಟ್ರು 1980ರ ದಶಕದಲ್ಲಿ ಶುರು ಮಾಡಿದ ಪದ್ಧತಿ, ನಮ್ಮ ದೇಶದ್ದೇ. 28 ದಿನಕ್ಕೊಮ್ಮೆ ಮೂರು ದಿನ ಡ್ರಿಪ್ಪಲ್ಲಿ ಡೆಕ್ಸಾಮೆಥಸೋನ್ ಅನ್ನುವ ಸ್ಟೀರಾಯ್ಡ್ 100 ಮಿ.ಗ್ರಾಂ, ಅದರಲ್ಲೊಂದು ದಿನ ರೋಗನಿರೋಧಕ ಶಕ್ತಿ ತಗ್ಗಿಸುವ ಸೈಕ್ಲೋಫಾಸ್ಫಮೈಡ್ 500 ಮಿ.ಗ್ರಾಂ, ಉಳಿದ ದಿನ ಮನೇಲಿ ಅದರದ್ದೇ ಸಣ್ಣ ಮಾತ್ರೆ. ತಿಂಗಳು ಬಂತಂದ್ರೆ ಚೀಲ ಕಟ್ಟಿ ಹೊರಡುದು. ಆಮೇಲೆ ಆರಾಮಿದ್ದೆ, 2018ರಲ್ಲಿ ಪುನಃ ಬಂತು, ಆಗ ರಿಟುಕ್ಸಿಮ್ಯಾಬ್. ಹದಿನೈದು ದಿನದ ಅಂತರದಲ್ಲಿ ಎರಡು ಸಲ, ಒಂದೊಂದು ಗ್ರಾಂ. ಹೌದು, ಕ್ಯಾನ್ಸರ್ ಡೇಕೇರಲ್ಲೇ ಕೊಟ್ಟದ್ದು, ಹೆಂಡತಿ ಬೋರ್ಡ್ ನೋಡಿ ಕಣ್ಣೀರು ಹಾಕಿದ್ಲು. ತುಂಬ ನಿಧಾನ ಬಿಡ್ತಾರೆ, ಮೊದಲ ಸಲ ಚಳಿ ಹಿಡಿದು ಮೈ ನಡುಗಿತು, ಸಿಸ್ಟರ್ ಸ್ವಲ್ಪ ಹೊತ್ತು ನಿಲ್ಲಿಸಿ ಮತ್ತೆ ಬಿಟ್ರು, ಎರಡನೇ ಸಲ ಎಂತ ಇಲ್ಲ, ನಿದ್ದೆ ಮಾಡಿದೆ.

ಬೆನ್ನಲ್ಲಿ ಗಾಯ ಇದ್ರೆ ಬೆಡ್‌ಶೀಟ್ ಅಂಟಿ, ಏಳುವಾಗ ಚರ್ಮ ಸಮೇತ ಬರ್ತದಲ್ಲ, ನನಗೆ ವಾರ್ಡಲ್ಲಿ ಎಳೆ ಬಾಳೆಲೆ ಹಾಸಿ ಮಲಗಿಸಿದ್ರು. ತಂಪು, ಅಂಟುದಿಲ್ಲ. ಮನೇಲಿ ಮಾಡುದಾದ್ರೆ ಎಲೆ ಕ್ಲೀನ್ ಮಾಡುದು ಹೇಗೆ ಅಂತ ಸಿಸ್ಟರ್ ಹತ್ರ ಕೇಳಿಕೊಳ್ಳಿ, ತೋಟದಿಂದ ಕಡಿದು ಹಾಗೇ ಹಾಕ್ಬೇಡಿ.

ಲ್ಯಾಬ್ ಕೋಟು:

ನಾನು ಸ್ಕಿನ್ ಪಿಜಿ ಸ್ಟೂಡೆಂಟ್, ನಿಮ್ಮಮ್ಮನನ್ನು ನೋಡಿದ ಡಾಕ್ಟ್ರು ಅಲ್ಲ, ಹಾಗಾಗಿ ರಿಸರ್ಚ್ ವಿಷಯ ಮಾತ್ರ ಹೇಳ್ತೇನೆ.

ಅಕ್ಕ, ಮುರಕಲ್ಲಿನ ಗೋಡೆ ಗೊತ್ತಲ್ಲ. ಕಲ್ಲು ಅಂದ್ರೆ ಚರ್ಮದ ಸೆಲ್, ನಡುವಿನ ಗಾರೆ ಅಂದ್ರೆ ಡೆಸ್ಮೋಗ್ಲೀನ್ ಅನ್ನುವ ಪ್ರೋಟೀನ್. ಪೆಂಫಿಗಸಲ್ಲಿ ನಮ್ಮದೇ ಆಂಟಿಬಾಡಿ, ಅಂದ್ರೆ ರೋಗಾಣುವಿಗೆ ಹೊಡೀಬೇಕಾದ ಪ್ರೋಟೀನ್, ಆ ಗಾರೆಗೆ ಬಿದ್ದು ಕಲ್ಲು ಕಲ್ಲು ಬಿಡಿಸ್ತದೆ. ಬಾಯಿಯಲ್ಲಿ ಡೆಸ್ಮೋಗ್ಲೀನ್ 3 ಮುಖ್ಯ, ಹಾಗಾಗಿ ಹುಣ್ಣು ಅಲ್ಲೇ ಮೊದಲು, 1ರ ಮೇಲೂ ಆಂಟಿಬಾಡಿ ಬಂದ್ರೆ ಮೈಮೇಲೂ ಗುಳ್ಳೆ. ಬಯಾಪ್ಸಿ ಜೊತೆ ಇಮ್ಯುನೋಫ್ಲೋರೆಸೆನ್ಸ್ ಅಂತ ಮಾಡಿದ್ರೆ ಈ ಆಂಟಿಬಾಡಿ ಸೆಲ್ಲುಗಳ ನಡುವೆ ಹಸಿರಾಗಿ ಹೊಳೀತದೆ, ನೋಡ್ಲಿಕ್ಕೆ ಥೇಟ್ ಮೀನಿನ ಬಲೆ. ಪುಸ್ತಕದಲ್ಲೂ ಅದೇ ಹೆಸರು, ಮಲ್ಪೆಯವರು ಇಟ್ಟದ್ದಲ್ಲ.

ಆಂಟಿಬಾಡಿ ಮಾಡುದು ಬಿ ಸೆಲ್ ಅನ್ನುವ ಬಿಳಿ ರಕ್ತಕಣದ ವಂಶ. ರಿಟುಕ್ಸಿಮ್ಯಾಬ್ ಹೋಗಿ ಬಿ ಸೆಲ್ ತೆಗೀತದೆ. 1997ರಲ್ಲಿ ಬಂದದ್ದು ಲಿಂಫೋಮಾ ಅನ್ನುವ ಕ್ಯಾನ್ಸರಿಗೆ, ಕ್ಯಾನ್ಸರ್ ಮದ್ದು ಅನ್ನುವ ಹೆಸರು ಅದಕ್ಕೇ ಅಂಟಿದ್ದು. ಮೊದಲು ಇದನ್ನು ಬೇರೆಲ್ಲ ಮದ್ದು ಸೋತ ಮೇಲೆ ಕೊಡ್ತಿದ್ರು. ಫ್ರಾನ್ಸಲ್ಲಿ 90 ಹೊಸ ರೋಗಿಗಳ ಮೇಲೆ ಮಾಡಿದ ಟ್ರಯಲ್ 2017ರಲ್ಲಿ ಬಂತು. ಎರಡು ವರ್ಷ ಆದ ಮೇಲೆ, ಯಾವ ಮದ್ದೂ ಇಲ್ಲದೆ ಪೂರ್ತಿ ಆರಾಮಿದ್ದವರು ಬರೀ ಸ್ಟೀರಾಯ್ಡ್ ತಗೊಂಡ ಗುಂಪಲ್ಲಿ 34%, ಶುರುವಿನಲ್ಲೇ ರಿಟುಕ್ಸಿಮ್ಯಾಬ್ ಜೊತೆ ಕಡಿಮೆ ಸಮಯ ಸ್ಟೀರಾಯ್ಡ್ ತಗೊಂಡವರಲ್ಲಿ 89%. 2018 ಜೂನಲ್ಲಿ ಅಮೆರಿಕದಲ್ಲಿ ಮದ್ದಿಗೆ ಒಪ್ಪಿಗೆ ಕೊಡುವ ಸಂಸ್ಥೆ ಎಫ್‌ಡಿಎ ಪೆಂಫಿಗಸಿಗೆ ಇದನ್ನು ಒಪ್ಪಿತು. ನಿಮ್ಮ ಡಾಕ್ಟ್ರು ಹೇಳ್ತಿರುದೇ ರಿಸರ್ಚಿನ ಫಲ ಅಕ್ಕ, ಹಳೆ ಕಾಲದ ಮದ್ದಲ್ಲ.

ಕಸಿನ್ ಹೇಳಿದ್ದು ಪೂರ್ತಿ ಸುಳ್ಳಲ್ಲ. ಪೆನ್ಸಿಲ್ವೇನಿಯಾ ಯೂನಿವರ್ಸಿಟಿಯವರು ಟಿ ಸೆಲ್ ಅನ್ನುವ ಇನ್ನೊಂದು ಬಿಳಿ ರಕ್ತಕಣದ ಮೈಗೆ ಡೆಸ್ಮೋಗ್ಲೀನ್ 3 ಅನ್ನೇ ಗಾಳಕ್ಕೆ ಎರೆ ಸಿಕ್ಕಿಸಿದ ಹಾಗೆ ಸಿಕ್ಕಿಸಿದ್ರು, ಅದಕ್ಕೆ ಬಾಯಿ ಹಾಕುದು ತಪ್ಪು ಆಂಟಿಬಾಡಿ ಮಾಡುವ ಬಿ ಸೆಲ್ ಮಾತ್ರ, ಬಾಯಿ ಹಾಕಿದ್ದು ಸತ್ತಿತು, ಉಳಿದ ಒಳ್ಳೆ ಬಿ ಸೆಲ್ಲಿಗೆ ಎಂತ ಆಗುದಿಲ್ಲ. ಐಡಿಯಾ ಅಂದ್ರೆ ಐಡಿಯಾ! ಆದ್ರೆ 2016ರಲ್ಲಿ ತೋರಿಸಿದ್ದು ಇಲಿಗಳಲ್ಲಿ. ಮನುಷ್ಯರಲ್ಲಿ ಆದದ್ದು ಸಣ್ಣ ಸಣ್ಣ ಟ್ರಯಲ್ ಮಾತ್ರ, ಅಂಗಡಿಯಲ್ಲಿ ಸಿಗುವ ಮದ್ದಲ್ಲ. ದೊಡ್ಡ ಟ್ರಯಲಲ್ಲಿ ಬಿದ್ದುಹೋದ ಮದ್ದುಗಳೂ ಉಂಟು, ರಿಲ್ಜಾಬ್ರುಟಿನಿಬ್ 2021ರಲ್ಲಿ, ಎಫ್‌ಗಾರ್ಟಿಗಿಮೋಡ್ 2023ರಲ್ಲಿ, ಎರಡೂ ಮೊದಮೊದಲು ಒಳ್ಳೆ ರಿಸಲ್ಟ್ ತೋರಿಸಿದವೇ. ಬಾಯಿ ತುಂಬ ಹುಣ್ಣಿರುವವರನ್ನು ಆ ಭರವಸೆ ಮೇಲೆ ಕಾಯಿಸ್ಲಿಕ್ಕೆ ಆಗ್ತದಾ?

ಇಂಜೆಕ್ಷನಿಗೆ ಮೊದಲು ಹೆಪಟೈಟಿಸ್ ಬಿ ಮತ್ತು ಟಿಬಿ ಟೆಸ್ಟ್ ಆಗ್ಲೇಬೇಕು, ಒಳಗೆ ಅಡಗಿದ್ರೆ ಇದು ಕೊಟ್ಟ ಮೇಲೆ ಎದ್ದು ಕೂರ್ಬಹುದು. ಲಸಿಕೆ ಬಾಕಿ ಇದ್ರೆ ಅದೂ ಕೇಳಿ, ಆಮೇಲೆ ಹಾಕಿದ್ರೆ ಸರಿಯಾಗಿ ಹಿಡಿಯುದಿಲ್ಲ.

ಕಾಪು ಕಡೆಯವ:

ನಮ್ಮ ಅಜ್ಜನಿಗೂ ಗುಳ್ಳೆ ಬಂದದ್ದು, 78 ವರ್ಷ, ಅದು ಬುಲ್ಲಸ್ ಪೆಂಫಿಗಾಯ್ಡ್ ಅಂತೆ, ತುಂಬ ತುರಿಕೆ, ಗುಳ್ಳೆ ದಪ್ಪ, ಬೇಗ ಒಡೆಯುದಿಲ್ಲ. ಎರಡೂ ಒಂದೇ ಅಂತ ನಾವು ಗ್ರಹಿಸಿದ್ದು. ಒಂದು ಕಡೆ ಬಯಾಪ್ಸಿ ತುಂಡು ಪೂರಾ ಫಾರ್ಮಾಲಿನ್‌ಗೆ ಹಾಕಿ ಆ ಹೊಳೆಯುವ ಟೆಸ್ಟ್ ಹಾಳಾಗಿ ಪುನಃ ಕೊಯ್ದರು ಪಾಪ. ಶುಗರಿಗೆ ವಿಲ್ಡಾಗ್ಲಿಪ್ಟಿನ್ ತಗೊಳ್ತಿದ್ರು, ಅದರಿಂದಲೂ ಬರ್ಬಹುದು ಅಂತ ಡಾಕ್ಟ್ರು ಅದನ್ನು ಬದಲಿಸಿದ್ರು, ಡಾಕ್ಸಿಸೈಕ್ಲಿನ್ ಮತ್ತು ಕ್ಲೋಬೆಟಸಾಲ್ ಮುಲಾಮಲ್ಲೇ ಹಿಡಿತಕ್ಕೆ ಬಂತು.

ಲ್ಯಾಬ್ ಕೋಟು:

@ಕಾಪು ಕಡೆಯವ, ಹೌದು, ಅಜ್ಜನದ್ದು ಬೇರೆ. ಅದರಲ್ಲಿ ಕಲ್ಲು ಕಲ್ಲು ಬಿಡುದಲ್ಲ, ಗೋಡೆಯೇ ಪಂಚಾಂಗದಿಂದ, ಅಂದ್ರೆ ಅಡಿಪಾಯದಿಂದ, ಏಳುದು, ಅದಕ್ಕೇ ಗುಳ್ಳೆ ದಪ್ಪ. 1953ರಲ್ಲಿ ವಾಲ್ಟರ್ ಲೀವರ್ ಅನ್ನುವ ಡಾಕ್ಟ್ರು ಬೇರೆ ಮಾಡಿ ತೋರಿಸುವವರೆಗೆ ಡಾಕ್ಟ್ರುಗಳೂ ಎರಡನ್ನೂ ಒಟ್ಟಿಗೇ ಹಾಕ್ತಿದ್ರು. ಅಜ್ಜನ ಆ ರೋಗಕ್ಕೆ 2025ರಲ್ಲಿ ಡುಪಿಲುಮ್ಯಾಬ್ ಅನ್ನುವ ಮದ್ದು ಎಫ್‌ಡಿಎ ಒಪ್ಪಿಗೆ ಪಡೀತು, ಪೆಂಫಿಗಸಿಗೆ ಅಲ್ಲ. ಅಕ್ಕ, ಕಸಿನ್ ಇನ್ನು ಅದರ ಲಿಂಕ್ ಕಳಿಸಿದ್ರೆ ಹೆಸರು ಸರಿ ನೋಡಿ.

ಬ್ರಹ್ಮಾವರದ ಮಗಳು:

ತುಂಬ ಥ್ಯಾಂಕ್ಸ್. ಇವತ್ತು ಹೋಗಿ ಕೇಳಿದೆ, ಟಿಬಿ ಟೆಸ್ಟ್ ಆಗಿತ್ತು, ಹೆಪಟೈಟಿಸ್ ಬಿ ರಿಪೋರ್ಟ್ ಬರ್ಲಿಕ್ಕುಂಟು, ಬಂದ ಕೂಡಲೇ ಡೇಟ್ ಕೊಡ್ತಾರಂತೆ. ಮಾವನನ್ನೂ ಕರ್ಕೊಂಡು ಹೋಗಿದ್ದೆ ಬೇಕಂತಲೇ. ಡಾಕ್ಟ್ರು ಪೂಜೆ ಮಾಡಿಸಿ, ಆದ್ರೆ ಅಮ್ಮನನ್ನು ರಶ್ಶಿಗೆ ಕರ್ಕೊಂಡು ಹೋಗ್ಬೇಡಿ, ಇನ್ಫೆಕ್ಷನ್ ಆಗ್ತದೆ ಅಂದ್ರು, ಮಾವ ತಾನೊಬ್ಬನೇ ಹೋಗಿ ಮಾಡಿಸ್ತೇನೆ ಅಂತ ಒಪ್ಪಿದ್ದಾರೆ. ಅಂಕಲ್, ಅಮ್ಮ ಕೇಳ್ಳಿಕ್ಕೆ ಹೇಳಿದ್ರು, ಇಂಜೆಕ್ಷನ್ ಆಗಿ ಎಷ್ಟು ಸಮಯಕ್ಕೆ ಬಂಗುಡೆ ಪುಳಿಮುಂಚಿ ತಿನ್ಲಿಕ್ಕೆ ಆಯ್ತು?

ಸುರತ್ಕಲ್ ಅಂಕಲ್:

ನನಗೆ ನಾಲ್ಕು ತಿಂಗಳು ಹಿಡೀತು. ಅಲ್ಲಿವರೆಗೆ ಕಾಣೆ ಮೀನು ಬೇಯಿಸಿ ಮುಳ್ಳು ತೆಗೆದು ಗಂಜಿ ಜೊತೆ ಕೊಡಿ, ಮೆಣಸು ಹಾಕ್ಬೇಡಿ.