ಫಾಂಡ್‌ಬ್ರೀಫ್ ದುಡ್ಡು ಮುಳುಗಿಲ್ವಾ?

ಚಿಕ್ಕಪ್ಪ: (ಫಾರ್ವರ್ಡ್) ಜರ್ಮನಿಯ ಫಾಂಡ್‌ಬ್ರೀಫ್ ಬಾಂಡು!! 250 ವರ್ಷದಲ್ಲಿ ಒಬ್ಬರ ದುಡ್ಡೂ ಮುಳುಗಿಲ್ಲ. ಕಂಡುಹಿಡಿದವನು ಫ್ರೆಡರಿಕ್ ಮಹಾರಾಜ. ಎಲ್ಲರಿಗೂ ಕಳಿಸಿ 🙏

ಸುಮಾ: ಚಿಕ್ಕಪ್ಪ, ಇದು ಅರ್ಧ ನಿಜ. ಫಾಂಡ್ ಅಂದ್ರೆ ಅಡವು, ಬ್ರೀಫ್ ಅಂದ್ರೆ ಪತ್ರ. 1769ರಲ್ಲಿ ಪ್ರಷ್ಯಾದ (ಆಗಿನ ಒಂದು ಜರ್ಮನ್ ರಾಜ್ಯ) ಎರಡನೇ ಫ್ರೆಡರಿಕ್ ಇದಕ್ಕೆ ಆಜ್ಞೆ ಹೊರಡಿಸಿದ್ದು ಹೌದು. ಆದರೆ ಯೋಜನೆ ಬ್ಯೂರಿಂಗ್ ಅನ್ನುವ ಬರ್ಲಿನ್ ವ್ಯಾಪಾರಿಯದು.

ಚಿಕ್ಕಪ್ಪ: ಯೋಜನೆ ಯಾರು ಬೇಕಾದ್ರೂ ಕೊಡ್ತಾರೆ. ಮಾಡಿಸಿದವನು ರಾಜ ತಾನೆ?

ಸುಮಾ: ಸರಿ ಬಿಡಿ. ಏಳು ವರ್ಷದ ಯುದ್ಧ 1763ಕ್ಕೆ ಮುಗಿದಾಗ ಪ್ರಷ್ಯಾದ ಸೈಲೀಸಿಯಾ ಪ್ರಾಂತ್ಯದ ಜಮೀನ್ದಾರರು ಸಾಲದಲ್ಲಿ ಮುಳುಗಿದ್ದರು. ಯಾರೂ ಅವರನ್ನು ನಂಬಿ ಹೊಸ ಸಾಲ ಕೊಡುತ್ತಿರಲಿಲ್ಲ. ಅದಕ್ಕೆ ಎಲ್ಲರನ್ನೂ ಸೇರಿಸಿ ಲಾಂಡ್‌ಶಾಫ್ಟ್ ಅಂತ ಒಂದು ಸಂಘ ಮಾಡಿದರು. ಜಮೀನಿನ ಬೆಲೆ ಕಟ್ಟಿ ಪತ್ರ ಕೊಡುವುದು ಸಂಘದ ಕೆಲಸ. ಜಮೀನ್ದಾರ ಆ ಪತ್ರವನ್ನು ಮಾರಿ ದುಡ್ಡು ಮಾಡಿಕೊಳ್ಳುತ್ತಿದ್ದ. ಅವನು ತೀರಿಸದಿದ್ದರೆ ಉಳಿದ ಜಮೀನ್ದಾರರೆಲ್ಲ ಹೊಣೆ, ಸಾಲ ಮಾಡದವರೂ ಸೇರಿ.

ಅತ್ತೆ: ಸಾಲ ಮಾಡದವರೂನಾ? ನಮ್ಮ ಸೊಸೈಟಿಯಲ್ಲಿ ಇಬ್ಬರು ಜಾಮೀನು ಸಿಗೋದೇ ಕಷ್ಟ ಮಾರಾಯ್ತಿ!

ಸುಮಾ: ಅಲ್ಲಿ ಬೇಡ ಅನ್ನೋ ಹಾಗೇ ಇರಲಿಲ್ಲ ಅತ್ತೆ, ಕಡ್ಡಾಯ. ಪತ್ರಕ್ಕೆ ನಂಬಿಕೆ ಬಂದಿದ್ದೇ ಅದರಿಂದ.

ಚಿಕ್ಕಪ್ಪ: ನೋಡು, ನೀನೇ ಹೇಳ್ತಿದ್ದೀಯ. ಭದ್ರ ಅಲ್ವಾ?

ಸುಮಾ: 1923ರ ಜರ್ಮನಿಯ ಹಣದುಬ್ಬರ ಮರೆತುಬಿಟ್ರಾ? ಆ ನವೆಂಬರ್‌ನಲ್ಲಿ ಒಂದು ಡಾಲರ್‌ಗೆ 4.2 ಲಕ್ಷ ಕೋಟಿ ಮಾರ್ಕ್ (ಅಲ್ಲಿನ ಹಣ). ಅಷ್ಟು ಹೊತ್ತಿಗೆ ಹಳೇ ಪತ್ರ ಇಟ್ಟುಕೊಂಡವರಿಗೆ ಬರಬೇಕಾದ ದುಡ್ಡಿಗೆ ಬ್ರೆಡ್ ಕೂಡ ಬರುತ್ತಿರಲಿಲ್ಲ. 1925ರ ಕಾನೂನು ಈ ಪತ್ರಗಳ ಹಿಂದಿದ್ದ ಅಡಮಾನ ಸಾಲಗಳಿಗೆ ಬೆಲೆ ಮರಳಿ ಕೊಟ್ಟಿತು. ಆದರೆ ಸಾಮಾನ್ಯವಾಗಿ ಚಿನ್ನದ ಮಾರ್ಕಿನ (ಹಣದುಬ್ಬರಕ್ಕೆ ಮುಂಚಿನ ಬೆಲೆಯ) ಲೆಕ್ಕದಲ್ಲಿ ಶೇಕಡಾ 25 ಮಾತ್ರ.

ಚಿಕ್ಕಪ್ಪ: ಅದು ಹಣದುಬ್ಬರದ ತಪ್ಪು. ಪತ್ರದ್ದೇನು ತಪ್ಪು?

ಅಣ್ಣ: ನೂರರಲ್ಲಿ 75 ಹೋದವನು ಅಷ್ಟೆಲ್ಲ ವಿಚಾರ ಮಾಡ್ತಾನಾ ಚಿಕ್ಕಪ್ಪ? 😄 ಸುಮಾ, ಈಗಲೂ ಆ ಜಮೀನ್ದಾರರೇ ಹೊಣೆನಾ?

ಸುಮಾ: ಇಲ್ಲ, ಈಗ ಬ್ಯಾಂಕುಗಳದ್ದು. 2005ರ ಕಾನೂನಿದೆ. ಆಸ್ತಿಗೆ ಬ್ಯಾಂಕು ಕಟ್ಟುವ ಅಡಮಾನ ಬೆಲೆಯ ಶೇಕಡಾ 60ರವರೆಗಿನ ಸಾಲ ಮಾತ್ರ ಪತ್ರದ ಬೆನ್ನಿಗೆ ನಿಲ್ಲುತ್ತದೆ. ಬ್ಯಾಂಕು ಮುಳುಗಿದರೂ ಆ ಸಾಲಗಳ ಮೇಲೆ ಮೊದಲ ಹಕ್ಕು ಪತ್ರ ಇಟ್ಟವರದೇ. ನಿಜವಾಗಿ ಗಟ್ಟಿ ವ್ಯವಸ್ಥೆ, ನಾನೂ ಒಪ್ಪುತ್ತೇನೆ.

ಚಿಕ್ಕಪ್ಪ: ಹಾಗಾದ್ರೆ ಫಾರ್ವರ್ಡ್ ಸರಿ.

ಸುಮಾ: '250 ವರ್ಷ' ತೆಗೆದು ಕಳಿಸಿ.

ಚಿಕ್ಕಪ್ಪ: ಆಗಲೇ ಬ್ಯಾಂಕ್ ಪೆನ್ಶನರ್ಸ್ ಗುಂಪಿಗೆ ಹಾಕಿಬಿಟ್ಟೆ. ಅಲ್ಲೂ ಒಬ್ಬರು 1923 ಅಂತ ಶುರು ಮಾಡಿದ್ದಾರೆ.